ಎಚ್-4ರಲ್ಲಿ ಬಂದ ತಂಗಿಗೆ: ಕ್ಯಾಲಿಫೋರ್ನಿಯಾದಲ್ಲಿ ಡಿವೋರ್ಸ್ ಅಂದರೆ

ತಂಗೀ, ನಾನು ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೇ ನೀನು ಅಂತ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋ ಎಚ್-4 ವೀಸಾದಲ್ಲಿ ಮೈಸೂರಿನಿಂದ ಸನ್ನಿವೇಲ್‌ಗೆ ಬಂದು ಎರಡು ವರ್ಷ, ಇಲ್ಲೇ ಹುಟ್ಟಿದ ಮಗು, ಗಂಡ ಮಾತೆತ್ತಿದರೆ "ಡಿವೋರ್ಸ್ ಹಾಕ್ತೀನಿ, ಮಗು ಅಮೆರಿಕದ್ದು, ಇಲ್ಲೇ ಇರತ್ತೆ, ನೀನು ಬರಿಗೈಲಿ ಊರಿಗೆ ಹೋಗು" ಅಂತಾನೆ, ಇದರಲ್ಲಿ ನಿಜ ಎಷ್ಟು ಅಂತ ಕೇಳಿದ್ದೀಯ. ಡಿವೋರ್ಸ್ ಹಾಕಬಹುದು ಅನ್ನೋದು ನಿಜ. ಮಿಕ್ಕಿದ್ದು ಹೆದರಿಸೋ ಮಾತು. ನಾನು ವಕೀಲೆ ಅಲ್ಲ. ಆದರೆ ಇಲ್ಲಿ ನೆಲೆಸಿ ಬಹಳ ಕಾಲವಾಯ್ತು, ನಮ್ಮ ಹೆಣ್ಣುಮಕ್ಕಳ ಜೊತೆ ಸ್ಯಾನ್ ಹೋಸೆಯ ಫ್ಯಾಮಿಲಿ ಕೋರ್ಟಿನಲ್ಲಿ ಕೂತು ನೋಡಿದ್ದೀನಿ.

ಈ ರಾಜ್ಯದಲ್ಲಿ 1970ರಿಂದ ಡಿವೋರ್ಸ್‌ಗೆ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ. ಒಬ್ಬರಿಗೆ ಬೇಡವಾದರೆ ಸಾಕು, ಇನ್ನೊಬ್ಬರು ತಡೆಯೋಕಾಗಲ್ಲ. ಅತ್ತೆ ಏನಂದರು, ಗೌರಿ ಹಬ್ಬಕ್ಕೆ ಯಾರು ಯಾರನ್ನ ಕರೀಲಿಲ್ಲ, ಇದನ್ನೆಲ್ಲ ಜಡ್ಜ್ ಕಿವಿಗೆ ಹಾಕಿಕೊಳ್ಳೋದಿಲ್ಲ. ಹೊಡೆತ ಬಡಿತದ ವಿಷಯ ಬೇರೆ. ಅದು ಕಸ್ಟಡಿಗೂ ಲೆಕ್ಕಕ್ಕೆ ಬರತ್ತೆ, ಜೀವನಾಂಶಕ್ಕೂ ಬರತ್ತೆ. ಹಾಗೇನಾದರೂ ಇದ್ದರೆ ಮುಚ್ಚಿಡಬೇಡ. ಮೈತ್ರಿ, ನಾರಿಕಾ ಅನ್ನೋ ಸಂಸ್ಥೆಗಳು ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿಯೇ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದಲ್ಲಿವೆ, ಮೊದಲು ಅಲ್ಲಿಗೆ ಫೋನ್ ಮಾಡು.

ಅರ್ಜಿ ಹಾಕೋಕೆ ಇಬ್ಬರಲ್ಲಿ ಒಬ್ಬರು ಈ ರಾಜ್ಯದಲ್ಲಿ 6 ತಿಂಗಳು, ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲೆಯಲ್ಲಿ, 3 ತಿಂಗಳು ಇದ್ದಿರಬೇಕು. ಅಂದರೆ ನೀನೂ ಹಾಕಬಹುದು. ಅವನೇ ಹಾಕಿದರೆ, ಕಾಗದ ನಿನ್ನ ಕೈಗೆ ಬಂದ 30 ದಿನದೊಳಗೆ ಉತ್ತರ ಹೋಗಬೇಕು. ಹೋಗದಿದ್ದರೆ ನಿನ್ನ ಮಾತು ಕೇಳದೆಯೇ ತೀರ್ಪಾಗಬಹುದು. ಕಾಗದ ತಲುಪಿದ ಮೇಲೆ ಕಡಿಮೆ ಅಂದರೂ 6 ತಿಂಗಳು ಡಿವೋರ್ಸ್ ಮುಗಿಯಲ್ಲ. ಜಗಳ ಇದ್ದರೆ ವರ್ಷಗಳೇ ಹಿಡಿಯತ್ತೆ. ನಿನಗೆ ಈ ತಡ ಒಳ್ಳೇದೇ, ಯಾಕಂದರೆ ಎಚ್-4 ರದ್ದಾಗೋದು ಅಂತಿಮ ತೀರ್ಪು ಬಂದಾಗ. ಅರ್ಜಿ ಹಾಕಿದ ಮಾತ್ರಕ್ಕೆ ಏನೂ ಆಗಲ್ಲ. ಆ ಸಮಯದಲ್ಲೇ ಇಮಿಗ್ರೇಶನ್ ವಕೀಲರನ್ನ ಕಂಡು ಸ್ಟೂಡೆಂಟ್ ವೀಸಾನೋ ಬೇರೆ ದಾರಿಯೋ ನೋಡ್ಕೋ.

ಇನ್ನು ಬರಿಗೈ ಮಾತು. ಮದುವೆಯಾದ ದಿನದಿಂದ ಬೇರೆಯಾದ ದಿನದವರೆಗೆ ಇಬ್ಬರಲ್ಲಿ ಯಾರು ದುಡಿದರೂ ಅದು ಇಬ್ಬರದು, ಅರ್ಧರ್ಧ. ಸಂಬಳದ ಚೆಕ್ ಅವನ ಹೆಸರಲ್ಲಿ ಬಂದರೂ ಅಷ್ಟೇ, ಸಾಲಕ್ಕೂ ಅದೇ ನಿಯಮ. ಅವನ 401ಕೆ ಅನ್ನೋ ನಿವೃತ್ತಿ ಉಳಿತಾಯದ ಖಾತೆಯಲ್ಲಿ ಈ ಅವಧಿಯಲ್ಲಿ ಸೇರಿದ್ದು, ಕಂಪನಿ ಕೊಟ್ಟ ಶೇರು, ಎಲ್ಲ ಸೇರತ್ತೆ. ಇನ್ನೂ ಕೈಗೆ ಬಾರದ ಶೇರುಗಳನ್ನೂ ಎಷ್ಟು ಭಾಗ ಮದುವೆಯ ಕಾಲದ ದುಡಿಮೆಯದು ಅಂತ ಸೂತ್ರ ಹಾಕಿ ಬಿಡಿಸ್ತಾರೆ. ನಿನ್ನ ಅಪ್ಪ ಅಮ್ಮ ನಿನಗೆ ಹಾಕಿದ ಚಿನ್ನ ಉಡುಗೊರೆ, ಅದು ನಿನ್ನೊಬ್ಬಳದೇ. ಲಾಕರ್ ಕೀ ಅತ್ತೆ ಹತ್ತಿರ ಇರೋದು ಬೇರೆ ಕಥೆ! ಬೆಂಗಳೂರಿನಲ್ಲಿ ಇಲ್ಲಿನ ಸಂಬಳದಿಂದ ತಗೊಂಡ ಫ್ಲ್ಯಾಟ್ ಇದ್ದರೆ, ಇಲ್ಲಿನ ಜಡ್ಜ್ ಅಲ್ಲಿನ ಸಬ್ ರಿಜಿಸ್ಟ್ರಾರ್ ಪುಸ್ತಕ ತಿದ್ದೋಕಾಗಲ್ಲ. ಆದರೆ ಅದರ ಬೆಲೆ ಕಟ್ಟಿ, ನಿನ್ನ ಪಾಲನ್ನ ಇಲ್ಲಿನ ಆಸ್ತಿಯಲ್ಲಿ ಸರಿದೂಗಿಸಬಹುದು. ಮಾವನ ಹೆಸರಿಗೆ ಮಾಡಿಟ್ಟಿದ್ದರೆ ಮಾತ್ರ ಕಷ್ಟ, ದುಡ್ಡು ಎಲ್ಲಿಂದ ಹೋಯ್ತು ಅಂತ ಬ್ಯಾಂಕ್ ಕಾಗದದಲ್ಲಿ ತೋರಿಸಬೇಕಾಗತ್ತೆ.

ಇಬ್ಬರೂ ಆದಾಯ, ಖರ್ಚು, ಆಸ್ತಿ ಎಲ್ಲ ಪ್ರಮಾಣ ಮಾಡಿ ಬರೆದು ಕೊಡಬೇಕು. ಸುಳ್ಳು ಬರೆದು ಸಿಕ್ಕಿಬಿದ್ದರೆ ಬಚ್ಚಿಟ್ಟ ಆಸ್ತಿಯನ್ನ ಪೂರ್ತಿ ಇನ್ನೊಬ್ಬರಿಗೆ ಕೊಡೋ ಅಧಿಕಾರವೂ ಕೋರ್ಟಿಗಿದೆ. ಮಗುವಿನ ಖರ್ಚಿಗೆ ಇಬ್ಬರ ಆದಾಯ, ಮಗು ಯಾರ ಹತ್ತಿರ ಎಷ್ಟು ಹೊತ್ತು ಇರತ್ತೆ ಅನ್ನೋದನ್ನ ಕಂಪ್ಯೂಟರಿಗೆ ಹಾಕಿದರೆ ಮೊತ್ತ ಬರತ್ತೆ. ನಿನ್ನ ಜೀವನಾಂಶ ಬೇರೆ ಲೆಕ್ಕ. ಕೇಸ್ ನಡೀತಿರುವಾಗಲೇ ತಾತ್ಕಾಲಿಕವಾಗಿ ಕೇಳಬಹುದು. ಆಮೇಲಿನದಕ್ಕೆ, 10 ವರ್ಷ ತುಂಬದ ಮದುವೆಯಲ್ಲಿ ಸಾಮಾನ್ಯವಾಗಿ ಮದುವೆ ನಡೆದಷ್ಟು ಕಾಲದ ಅರ್ಧ. ವಕೀಲರಿಗೆ ದುಡ್ಡಿಲ್ಲ ಅಂತ ಬರೆದಿದ್ದೀಯ. ಹೆಚ್ಚು ದುಡಿಯೋನು ನಿನ್ನ ವಕೀಲರ ಫೀಸನ್ನೂ ಕೊಡಲಿ ಅಂತ ಕೇಳೋಕೆ ಕಾನೂನಿದೆ, ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇರಲ್ಲ.

ಮಗುವಿನ ವಿಷಯಕ್ಕೆ ಬರ್ತೀನಿ, ನಿನ್ನ ಕಾಗದದಲ್ಲಿ ನನಗೆ ಭಯ ಹುಟ್ಟಿಸಿದ ಸಾಲು ಅಲ್ಲಿದೆ. ಮಗುವಿನ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದರ ಮೇಲೆ ಕಸ್ಟಡಿ ನಿಲ್ಲಲ್ಲ. ಯಾರು ನೋಡ್ಕೋತಾ ಬಂದಿದ್ದಾರೆ, ಎಲ್ಲಿದ್ದರೆ ಮಗುವಿಗೆ ಒಳಿತು ಅಂತ ನೋಡ್ತಾರೆ. ತಾಯಿ ಅನ್ನೋ ಕಾರಣಕ್ಕೇ ಸಿಗತ್ತೆ ಅಂತಲೂ ಇಲ್ಲ. ಒಪ್ಪಂದ ಆಗದಿದ್ದರೆ ಕೋರ್ಟಿನವರೇ ಮೊದಲು ಮೀಡಿಯೇಶನ್‌ಗೆ, ಅಂದರೆ ಸಂಧಾನಕ್ಕೆ, ಕೂರಿಸ್ತಾರೆ.

"ಸುಮ್ಮನೆ ಮಗು ಎತ್ಕೊಂಡು ಊರಿಗೆ ಹೋಗಿಬಿಡಲಾ?" ಅಂತ ಬರೆದಿದ್ದೀಯ. ಬೇಡ ತಂಗಿ. ಅವನ ಹಕ್ಕು ತಪ್ಪಿಸೋಕೆ ಮಗುವನ್ನ ದೇಶ ದಾಟಿಸೋದು 1993ರಿಂದ ಇಲ್ಲಿ ಫೆಡರಲ್, ಅಂದರೆ ಇಡೀ ದೇಶದ ಕಾನೂನಿನಲ್ಲಿ, ಅಪರಾಧ. ಕೇಸ್ ಶುರುವಾದ ಮೇಲಂತೂ ಇನ್ನೊಬ್ಬರ ಲಿಖಿತ ಒಪ್ಪಿಗೆಯೋ ಕೋರ್ಟಿನ ಅಪ್ಪಣೆಯೋ ಇಲ್ಲದೆ ರಾಜ್ಯದ ಗಡಿ ದಾಟಿಸುವಂತಿಲ್ಲ, ಇಬ್ಬರಿಗೂ ಅನ್ವಯ. ಮಕ್ಕಳ ಅಪಹರಣದ ಬಗೆಗಿನ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹೋದ ಮಗುವನ್ನ ವಾಪಸ್ ತರಿಸೋದು ಕಷ್ಟ ಅಂತ ಇಲ್ಲಿನ ಜಡ್ಜ್‌ಗಳಿಗೆ ಗೊತ್ತು. ನೀನು ಹಾಗೆ ಹೋಗ್ತೀಯ ಅಂತ ಅನುಮಾನ ಬಂದರೆ ಮಗುವಿನ ಪಾಸ್‌ಪೋರ್ಟ್ ಹಿಡಿದಿಡ್ತಾರೆ, ರಜೆಗೆ ಅಜ್ಜಿ ಮನೆಗೆ ಕರ್ಕೊಂಡು ಹೋಗೋಕೂ ತಡೆ ಬೀಳಬಹುದು. ಅವನಿಗೂ ಇದೇ. "ಎರಡು ತಿಂಗಳು ಊರಲ್ಲಿ ಇದ್ದು ಬನ್ನಿ" ಅಂತ ಅವನು ಟಿಕೆಟ್ ತಂದುಕೊಟ್ಟರೆ, ಹೊರಡೋ ಮುಂಚೆ ವಕೀಲರ ಹತ್ತಿರ ಒಂದು ಮಾತು ಕೇಳು. ಹಾಗೆ ಹೋಗಿ ವೀಸಾ ಇಲ್ಲದೆ ಅಲ್ಲೇ ಉಳಿದವರಿದ್ದಾರೆ.

ಇಲ್ಲಿನ ಡಿವೋರ್ಸ್ ಊರಿನಲ್ಲಿ ನಡೆಯತ್ತಾ ಅಂತಲೂ ಕೇಳಿದ್ದೀಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಆದ ಮದುವೆಗೆ ಹೊರದೇಶದ ತೀರ್ಪನ್ನ ನಮ್ಮ ಕೋರ್ಟುಗಳು ಕಣ್ಣು ಮುಚ್ಚಿ ಒಪ್ಪಲ್ಲ, ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನೀನು ಗೈರಾಗಿ, ಒಪ್ಪಿಗೆಯೂ ಕೊಡದೆ ಆದ ತೀರ್ಪನ್ನ ಅಲ್ಲಿ ಪ್ರಶ್ನಿಸಬಹುದು. ಇಬ್ಬರೂ ಹಾಜರಾಗಿ ಒಪ್ಪಿಕೊಂಡರೆ ತೊಂದರೆ ಕಡಿಮೆ. ಹಾಗಿದ್ದರೂ ಮುಂದೆ ಮತ್ತೊಂದು ಮದುವೆಗೆ, ಆಸ್ತಿಗೆ ತಕರಾರು ಬೇಡ ಅಂತ ಕೆಲವರು ಊರಿನ ಕೋರ್ಟಿನಲ್ಲೂ ಪರಸ್ಪರ ಒಪ್ಪಿಗೆಯ ವಿಚ್ಛೇದನ ತಗೋತಾರೆ. ನನ್ನ ಕೇಳಿದರೆ ಅದೇ ವಾಸಿ.

ಈ ವಾರ ಮಾಡಬೇಕಾದ್ದು: ಅವನ ಪೇಸ್ಲಿಪ್, ಟ್ಯಾಕ್ಸ್ ರಿಟರ್ನ್, ಬ್ಯಾಂಕ್ ಮತ್ತು ಶೇರು ಖಾತೆಯ ಕಾಗದ, ಮನೆಯಲ್ಲಿ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಫೋಟೋ ತೆಗೆದು ನಿನ್ನೊಬ್ಬಳದೇ ಹೊಸ ಇಮೇಲ್‌ಗೆ ಕಳಿಸ್ಕೋ. ಅವನ ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಡ. ಮದುವೆ ನೋಂದಣಿ ಪತ್ರ, ಚಿನ್ನದ ರಸೀದಿ, ಮದುವೆ ಆಲ್ಬಮ್‌ನಲ್ಲಿ ಒಡವೆ ಕಾಣೋ ಫೋಟೋ, ಇವನ್ನ ಸ್ಕ್ಯಾನ್ ಮಾಡಿ ಕಳಿಸೋಕೆ ಅಮ್ಮಂಗೆ ಇವತ್ತೇ ಹೇಳು.