ಫುಟ್‌ಬಾಲ್ ಆಟಗಾರ ಐ.ಎಂ. ವಿಜಯನ್‌ಗಿಂತ ಬೈಚುಂಗ್ ಭುಟಿಯಾ ಅಷ್ಟೊಂದು ಜನಪ್ರಿಯರೇ? ಯಾರನ್ನು ಎಷ್ಟು ಹುಡುಕುತ್ತಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್ ಗ್ರಾಫ್‌ನಲ್ಲಿ ವಿಜಯನ್ ಲೆಕ್ಕಕ್ಕೇ ಇಲ್ಲವಲ್ಲ?

ಇದೇ ಗ್ರಾಫ್ ನಂಬಿ ಹಾಸ್ಟೆಲ್ ಪತ್ರಿಕೆಯಲ್ಲಿ ‘ಮರೆತುಹೋದ ವಿಜಯನ್’ ಎಂದು ಬರೆದವನು ನಾನು. ಮಲಯಾಳಿ ರೂಮ್‌ಮೇಟ್ ಉಗಿದ ಮೇಲೆ 200 ಪ್ರತಿಗಳಿಗೂ ಗೋಂದು ಹಚ್ಚಿ ತಿದ್ದುಪಡಿ ಚೀಟಿ ಅಂಟಿಸಬೇಕಾಯಿತು: ‘ಮರೆತುಹೋದ’ ಎಂಬಲ್ಲಿ ‘ನಾವು ನೋಡದ’ ಎಂದು ಓದಿಕೊಳ್ಳಿ.

ತಪ್ಪು ಎಲ್ಲಾಯಿತೆಂದರೆ, ಗೂಗಲ್ ಟ್ರೆಂಡ್ಸ್ ಲೆಕ್ಕ ಶುರುವಾಗುವುದೇ 2004ರಿಂದ. ಐ.ಎಂ. ವಿಜಯನ್ 2003ರಲ್ಲಿ ಹೈದರಾಬಾದಿನ ಆಫ್ರೋ-ಏಷ್ಯನ್ ಗೇಮ್ಸ್ ಮುಗಿಸಿ ಭಾರತದ ಜೆರ್ಸಿ ಕಳಚಿಟ್ಟಾಗಿತ್ತು. ಕಟಾವು ಮುಗಿದ ಗದ್ದೆಗೆ ಹೋಗಿ ಫಸಲು ಅಳೆದ ಹಾಗೆ. ಬೈಚುಂಗ್ ಭುಟಿಯಾ 2011ರ ಏಷ್ಯನ್ ಕಪ್‌ವರೆಗೂ ತಂಡದಲ್ಲಿದ್ದರು. ನಡುವೆ 2009ರಲ್ಲಿ ಟಿವಿ ಡ್ಯಾನ್ಸ್ ಸ್ಪರ್ಧೆ ಗೆದ್ದರು, 2012ರ ಜನವರಿಯಲ್ಲಿ ದೆಹಲಿಯಲ್ಲಿ ಬಾಯರ್ನ್ ಮ್ಯೂನಿಕ್ ಎದುರು ವಿದಾಯ ಪಂದ್ಯ ಆಡಿದರು, 2014ರಲ್ಲಿ ಡಾರ್ಜಿಲಿಂಗ್‌ನಿಂದ ಲೋಕಸಭೆಗೆ ನಿಂತು ಸೋತರು. ಹುಡುಕಾಟದಲ್ಲಿ ಇವೆಲ್ಲ ಸೇರುತ್ತವೆ, ಫುಟ್‌ಬಾಲ್ ಒಂದೇ ಅಲ್ಲ.

ಇನ್ನೊಂದು, ಬರೀ ‘ವಿಜಯನ್’ ಎಂದು ಕೊಟ್ಟರೆ ಕೇರಳದ ರಾಜಕಾರಣಿ ಪಿಣರಾಯಿ ವಿಜಯನ್ ಬಂದು ಕೂರುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಪದವಾಗಿ ಹಾಕಿದರೆ ಮಲಯಾಳ ಲಿಪಿಯಲ್ಲಿ ಹುಡುಕಿದವರು ಲೆಕ್ಕಕ್ಕೆ ಸಿಗುವುದಿಲ್ಲ. ಹೆಸರು ಟೈಪ್ ಮಾಡಿದಾಗ ಕೆಳಗೆ ಬೀಳುವ ಪಟ್ಟಿಯಿಂದ ಫುಟ್‌ಬಾಲ್ ಆಟಗಾರ ಎಂದಿರುವುದನ್ನೇ ಆರಿಸಿ. ಇಡೀ ಭಾರತ ಬೇಡ. ಕೇರಳ, ಪಶ್ಚಿಮ ಬಂಗಾಳ, ಸಿಕ್ಕಿಂ ಬೇರೆ ಬೇರೆಯಾಗಿ ನೋಡಿ. ಅಲ್ಲಿ ಕಾಣುವ 100 ಎಂಬುದು ಜನರ ಸಂಖ್ಯೆಯಲ್ಲ, ಆ ಗ್ರಾಫಿನ ಅತಿ ಎತ್ತರದ ಬಿಂದು. ಒಂದು ಚುನಾವಣೆಯ ವಾರ ಮೇಲೆದ್ದರೆ ಉಳಿದದ್ದೆಲ್ಲ ನೆಲಕಚ್ಚಿದಂತೆ ಕಾಣುತ್ತದೆ.

ಆಟದ ಮಾತಿಗೆ ಬಂದರೆ, 1996-97ರ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದ ಜೆಸಿಟಿ ತಂಡದಲ್ಲಿ ಇಬ್ಬರೂ ಇದ್ದರು. 14 ಗೋಲು ಹೊಡೆದು ಅಗ್ರಸ್ಥಾನದಲ್ಲಿ ನಿಂತದ್ದು ಭುಟಿಯಾ. 1997ರ ಜುಲೈ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ, ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ, ಒಂದು ಲಕ್ಷಕ್ಕೂ ಮೀರಿದ ಜನರ ಮುಂದೆ ಈಸ್ಟ್ ಬೆಂಗಾಲ್ ಪರ ಆಡಿ ಮೋಹನ್ ಬಗಾನ್ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದೂ ಅವರೇ. ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಕೋಲ್ಕತ್ತದಲ್ಲಿ ಆ ಹೆಸರು ಅಳಿಯುವುದಿಲ್ಲ. ಆದರೆ ದೇಶದ ಪತ್ರಿಕೆಗಳು ತಿರುಗಿ ನೋಡಿದ್ದು 1999ರಲ್ಲಿ ಅವರು ಇಂಗ್ಲೆಂಡಿನ ‘ಬರಿ’ (Bury) ಎಂಬ ಕ್ಲಬ್ ಸೇರಿದಾಗ. ಅದು ಮೂರನೇ ಹಂತದ ಲೀಗ್, ಗೋಲುಗಳೂ ಬೆರಳೆಣಿಕೆ. ‘ಇಂಗ್ಲೆಂಡ್’ ಎಂಬ ಪದವೇ ಸಾಕಾಯಿತು. ಅದೇ ವರ್ಷ ಕಠ್ಮಂಡುವಿನಲ್ಲಿ ಭೂತಾನ್ ವಿರುದ್ಧ ವಿಜಯನ್ ಆಟ ಶುರುವಾದ 12ನೇ ಸೆಕೆಂಡಿಗೆ ಗೋಲು ಹೊಡೆದಿದ್ದರು. ಪದ್ಮಶ್ರೀ ಭುಟಿಯಾಗೆ 2008ರಲ್ಲಿ, ವಿಜಯನ್‌ಗೆ 2025ರಲ್ಲಿ.

ಚೆಂಡು ಕಾಲಿಗೆ ಬಂದ ಮೇಲಿನ ಆಟದಲ್ಲಿ ನನ್ನ ಮತ ವಿಜಯನ್‌ಗೇ. ಯಾರು ಹೆಚ್ಚು ಜನಪ್ರಿಯ ಎಂಬ ಪ್ರಶ್ನೆಯನ್ನು, ಊರಿನ ಹೆಸರು ಸೇರಿಸದೆ, ನಾನು ಒಪ್ಪುವುದೇ ಇಲ್ಲ. ವಿಜಯನ್ ಹುಡುಗನಾಗಿ ಸೋಡಾ ಮಾರಿದ ತ್ರಿಶೂರಿನ ಸ್ಟೇಡಿಯಂ ಹತ್ತಿರ ಕೇಳಿ ನೋಡಿ. 2004ಕ್ಕೂ ಹಿಂದಿನ ಅಳತೆಯೇ ಬೇಕಿದ್ದರೆ ಗ್ರಾಫ್ ಮುಚ್ಚಿಟ್ಟು, ಆ ಕಾಲದ ಮಲಯಾಳ, ಬಂಗಾಳಿ ಪತ್ರಿಕೆಗಳ ಕ್ರೀಡಾ ಪುಟ ತಿರುವಬೇಕು.