ಅಲ್ಲಿ ಜಿಂಕೆ ಬೇಟೆಗೆ ಕೇಸಿಲ್ವಾ?

ಪ್ರಶ್ನೆ: ಅಮೆರಿಕದ ನೆವಾಡಾ ರಾಜ್ಯದಲ್ಲಿರುವ ನನ್ನ ತಮ್ಮ ‘ಮ್ಯೂಲ್ ಡೀರ್’ ಅನ್ನೋ ಜಿಂಕೆ ಬೇಟೆಗೆ ಹೋಗ್ತಾನಂತೆ, ಅದೂ ಸರ್ಕಾರಿ ಜಾಗದಲ್ಲಿ! ಕೇಸು ಹಾಕಲ್ವಾ? – ಓದುಗರೊಬ್ಬರು, ಹಾಸನ

ಉತ್ತರ: ಟ್ಯಾಗ್ (ಬೇಟೆಯ ಪರವಾನಗಿ ಚೀಟಿ) ಇದ್ದರೆ ಹಾಕಲ್ಲ ತಾಯಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಂತಿದೆ. ಅಲ್ಲಿ ಲಾಟರಿ ಎತ್ತಿ ಟ್ಯಾಗ್ ಕೊಡುತ್ತಾರೆ. ನೆವಾಡಾದ ರೀನೋ ನಗರದಲ್ಲಿದ್ದಾಗ ಗೆಳೆಯನ ಜೊತೆ ನಾನೂ ಹೋಗಿದ್ದೆ. ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿ, ಸೇಜ್‌ಬ್ರಷ್ ಪೊದೆಗಳತ್ತ ದುರ್ಬೀನು ಹಿಡಿದು ಮೂರು ಗಂಟೆ ಕೂತೆವು. ಬೆರಳು ಮರಗಟ್ಟಿತ್ತು. ನಮಗೆ ಬೇಕಿದ್ದ ವಯಸ್ಸಾದ ಗಂಡು ಬಲು ಜಾಣ. ಬಿಸಿಲೇರಿದರೆ ಉತ್ತರದ ಇಳಿಜಾರಿನ ನೆರಳಲ್ಲಿ ಮಲಗಿಬಿಡುತ್ತದೆ. ಕಂಡರೆ ಆ ಹೇಸರಗತ್ತೆಯಂಥ (‘ಮ್ಯೂಲ್’) ಕಿವಿಯಷ್ಟೇ! ಕೊಂಬಿನ ಕವಲು ಎಣಿಸಿ ವಯಸ್ಸು ಹೇಳೋಕಾಗಲ್ಲ, ಕೊಂಬು ವರ್ಷವರ್ಷ ಉದುರಿ ಹೊಸದು ಬರುತ್ತದೆ. ದಪ್ಪ ಕತ್ತು, ಜೋತ ಹೊಟ್ಟೆ ನೋಡಬೇಕು. ನಮಗೆ ಕಂಡಿದ್ದು ಎಳೇ ಗಂಡು. ಗೆಳೆಯ ಸುಮ್ನೆ ಬಿಟ್ಟ. ನನ್ನ ಚಿತ್ರಾನ್ನ ತಿಂದು ವಾಪಸ್ ಬಂದೆವು.