ಕುದುರೆಮುಖದ ಬೋಳು ಗುಡ್ಡಗಳಲ್ಲಿ ಗಿಡ ನೆಟ್ಟರೆ ಇಂಗಾಲ ಹೆಚ್ಚು ಹಿಡಿದಿಡಬಹುದಲ್ಲವೇ?

ಬೇಡ. ಅವು ಬೋಳು ಗುಡ್ಡಗಳಲ್ಲ, ಶೋಲಾ ಹುಲ್ಲುಗಾವಲು. ಕಣಿವೆಯ ತೇವದಲ್ಲಿ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹಸಿರು ಕಾಡು, ಗಾಳಿ ಬೀಸುವ ಇಳಿಜಾರಿನಲ್ಲಿ ಹುಲ್ಲು. ಎರಡೂ ಸೇರಿ ಒಂದೇ ವ್ಯವಸ್ಥೆ. ಹುಲ್ಲಿನ ಇಂಗಾಲ ಹೆಚ್ಚಾಗಿ ಬೇರು ಮತ್ತು ಮಣ್ಣಿನಲ್ಲಿರುತ್ತದೆ. ಕಾಳ್ಗಿಚ್ಚಿಗೆ ಮೇಲಿನ ಗರಿ ಸುಟ್ಟರೂ ಒಳಗಿನದು ಬಹುಪಾಲು ಉಳಿದು, ಮಳೆ ಬಿದ್ದ ಕೂಡಲೇ ಮತ್ತೆ ಚಿಗುರುತ್ತದೆ. ನೆಡುತೋಪಿನದು ನೆಲದ ಮೇಲಿನ ದಾಸ್ತಾನು: ಬೆಂಕಿ ಬಿದ್ದರೆ ಅಥವಾ ಕಡಿದು ಸೌದೆ ಮಾಡಿದರೆ ಗಾಳಿಗೆ ವಾಪಸ್. ಗುಂಡಿ ತೋಡುವಾಗಲೇ ಮಣ್ಣು ಸಡಿಲಗೊಂಡು ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ನೀರಿನ ಲೆಕ್ಕ ಇನ್ನೂ ಕೆಟ್ಟದ್ದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಸೀಮೆಯಿದು. ಅಕೇಶಿಯಾ, ನೀಲಗಿರಿಯಂಥ ಮರಗಳು ಹುಲ್ಲಿಗಿಂತ ಹೆಚ್ಚು ನೀರು ಹೀರುತ್ತವೆ.

ಮಾಡಬೇಕಾದ್ದು ಕಾವಲು. ಈಗಾಗಲೇ ನುಗ್ಗಿರುವ ಅಕೇಶಿಯಾ ಸಸಿಗಳನ್ನು ಮಳೆಗಾಲದಲ್ಲಿ, ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಿ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು, ಬೆಂಕಿಯ ಬಿಸಿಗೆ ಒಟ್ಟಿಗೇ ಮೊಳೆಯುತ್ತದೆ. ಹಾಗಾಗಿ ಒಮ್ಮೆ ಕಿತ್ತು ಕೈತೊಳೆದುಕೊಂಡರೆ ಆಗದು, ಪ್ರತಿವರ್ಷ ಹೋಗಬೇಕು. ಗಿಡ ನೆಡಲೇಬೇಕೆಂಬ ಹಂಬಲವಿದ್ದರೆ, ಹಿಂದೆ ಶೋಲಾ ಇದ್ದು ಈಗ ಹಾಳಾಗಿರುವ ಕಣಿವೆಯಂಚಿನಲ್ಲಿ ಸ್ಥಳೀಯ ಜಾತಿಗಳನ್ನೇ ನೆಡಿ. ರಾಷ್ಟ್ರೀಯ ಉದ್ಯಾನದೊಳಗಾದರೆ ಇವೆಲ್ಲಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.